ಪೆಟ್ಟಿಗೆಯ ಪ್ರಸ್ಥಾನ

ಮದುವೆಯ ಹತ್ತನೇ ವಾರ್ಷಿಕೋತ್ಸವಕ್ಕೆ ತಾನೂ ತನ್ನ ಹೆಂಡತಿಯೂ, ಇಬ್ಬರೇ ಇಬ್ಬರು, ಫ್ರಾನ್ಸಿನ ಕಡಲ ತಡಿಯ ನೀಸ್ ನಗರಕ್ಕೆ ಹೋಗುವುದೆಂದೂ, ಅದರ ಸಮಸ್ತ ಏರ್ಪಾಡು ತನ್ನದೆಂದೂ, ಅದರಲ್ಲಿ ಕೂದಲೆಳೆಯಷ್ಟು ತಪ್ಪೂ ಆಗುವುದಿಲ್ಲವೆಂದೂ ಸುಶಾಂತ್ ಊಟದ ಮೇಜಿನ ಮುಂದೆ ಎದ್ದುನಿಂತು ಘೋಷಿಸಿದ. ಚಪ್ಪಾಳೆ ಬೀಳಲಿಲ್ಲ. ಹೆಂಡತಿ ಸಂಪ್ರೀತಾ ಸಾರಿನ ಪಾತ್ರೆಯಿಂದ ತಲೆಯೆತ್ತಿ, ಹತ್ತು ವರ್ಷದ ಅನುಭವವನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡು ಅವನನ್ನೊಮ್ಮೆ ನೋಡಿದಳು.

"ಇಬ್ಬರೇನಾ?"

"ಇಬ್ಬರೇ."

"ಊಟಿಗೆ ಹೋಗುವಾಗಲೂ ಹೀಗೇ ಹೇಳಿದ್ರಿ."

ಊಟಿಯ ಮಾತು ಬಂದೊಡನೆ ಸುಶಾಂತ್ ಉಪ್ಪಿನಕಾಯಿ ಬಾಟಲಿ ಹುಡುಕತೊಡಗಿದ. ಅದು ಅವರ ಹನಿಮೂನು. ಇನ್ನೋವಾದಲ್ಲಿ ಐದು ಸೀಟು ಸುಮ್ಮನೆ ಖಾಲಿ ಹೋಗುತ್ತದಲ್ಲ ಎಂದು ಸುಶಾಂತನ ಅಮ್ಮ, ಸೋದರಮಾವ ನರಹರಿ, ಮಾವನ ಸಂಸಾರ ಎಲ್ಲರೂ ಹತ್ತಿದ್ದರು. ಬೊಟಾನಿಕಲ್ ಗಾರ್ಡನ್ನಿನಲ್ಲಿ ಹೊಸ ದಂಪತಿಗಳು ಕೈಕೈ ಹಿಡಿದದ್ದು ಒಂದೇ ಸಲ, ನರಹರಿ ಮಾವನ ಮಂಡಿ ಹಿಡಿದುಕೊಂಡಾಗ, ಅವರನ್ನು ಎತ್ತಲು.

ನೀಸ್‌ನ ಈ ಘೋಷಣೆ ನಡೆದದ್ದು ಎರಡು ಸಾವಿರದ ಇಪ್ಪತ್ತರ ಜುಲೈಯಲ್ಲಿ. ಡಚ್ಚರ ನಾಡಿನ ಹೂಫ್‌ಡಾರ್ಪ್ ಎಂಬ ಊರಿನ ಅವರ ಪುಟ್ಟ ಮನೆಯೇ ಮಾರ್ಚ್‌ನಿಂದ ಎರಡು ಆಫೀಸು, ಒಂದು ಶಾಲೆ ಮತ್ತು ಒಂದು ಅತಿಥಿಗೃಹವಾಗಿತ್ತು. ಸುಶಾಂತ್ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೀಟಿಂಗ್ ಮಾಡುತ್ತಿದ್ದ. ಸಂಪ್ರೀತಾ ಬೆಡ್‌ರೂಮಿನಲ್ಲಿ ಇಸ್ತ್ರಿ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಪನಿಯೊಂದರ ಸಂಬಳದ ಲೆಕ್ಕ ನೋಡುತ್ತಿದ್ದಳು. ಏಳು ವರ್ಷದ ಮಗಳು ಶ್ರೇಯಾ ಮೆಟ್ಟಿಲ ಮೇಲೆ ಕುಳಿತು ಡಚ್ ಶಾಲೆಯ ಪಾಠ ಕಲಿಯುತ್ತಿದ್ದಳು. ಮೂರು ತಿಂಗಳಿಗೆಂದು ಫೆಬ್ರವರಿಯಲ್ಲಿ ಉಡುಪಿಯಿಂದ ಬಂದ ಅಮ್ಮ ವಸಂತಿ, ವಿಮಾನಗಳೆಲ್ಲ ನಿಂತು, ಆರನೇ ತಿಂಗಳಿಗೆ ಕಾಲಿಟ್ಟಿದ್ದರು. ಈ ಎಲ್ಲರಿಗೂ ದಿನಕ್ಕೆ ಒಂಬತ್ತು ಸಲ ಟೀ, ಕಾಫಿ, ಹಾಲು ಮಾಡುವ ಕೆಲಸ ಯಾರದೆಂದು ಯಾರೂ ತೀರ್ಮಾನಿಸಿರಲಿಲ್ಲ. ಅದು ತಾನಾಗಿಯೇ ಸಂಪ್ರೀತಾಳ ಪಾಲಿಗೆ ಬಂದಿತ್ತು.

"ರೀ, ನೀಸ್ ಆದ್ರೂ ಸರಿ, ಬೇರೆ ಯಾವ ಊರಾದ್ರೂ ಸರಿ," ಎಂದಳು ಅವಳು. ಬೆಂಗಳೂರಿನಲ್ಲಿ ಬೆಳೆದವಳು, ಮಾತು ನೇರ. "ನಂಗೆ ಎರಡೇ ಎರಡು ದಿನ ಬೇಕು. ಯಾರೂ ನನ್ನ ಹೆಸರು ಹಿಡಿದು ಕರೀಬಾರ್ದು. ಯಾರಿಗೂ ನಾನು ಟೀ ಮಾಡಬಾರ್ದು. ಅದು ತಪ್ಪಿತೋ, ಇನ್ನು ಈ ಜನ್ಮದಲ್ಲಿ ನಿಮ್ಮ ಜೊತೆ ಎಲ್ಲಿಗೂ ಬರಲ್ಲ."

ಸುಶಾಂತ್ ಇದನ್ನು ಪ್ರೇಮದ ಮಾತೆಂದೇ ತಿಳಿದ.

ಅವನು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಮರುದಿನವೇ ಎಕ್ಸೆಲ್ ಶೀಟ್ ತೆರೆದು, ಪ್ರವಾಸ ಕೆಡಬಹುದಾದ ನಲವತ್ತಮೂರು ಸಂಭವಗಳನ್ನು ಬರೆದು, ಒಂದೊಂದಕ್ಕೂ ಪರಿಹಾರ ಹಾಕಿದ. ಜ್ವರ ಬಂದರೆ, ಮಾಸ್ಕ್ ಹರಿದರೆ, ಫ್ರೆಂಚರು ಇಂಗ್ಲಿಷ್ ಮಾತನಾಡದಿದ್ದರೆ, ಹೀಗೆ. ಹೋಟೆಲಿನವರ 'ಜೋಡಿಗಳ ವಾರಾಂತ್ಯ' ಎಂಬ ಪ್ಯಾಕೇಜು ಸಿಕ್ಕಿತು. ಕಡಲಿಗೆ ಮುಖ ಮಾಡಿದ ಕೋಣೆ, ಹಾಸಿಗೆ ಮೇಲೆ ಗುಲಾಬಿ ಎಸಳು, ಮೇಣದ ಬತ್ತಿಯ ಬೆಳಕಿನಲ್ಲಿ ಇಬ್ಬರಿಗೆ ಊಟ, ಸಂಜೆ ದೋಣಿ ವಿಹಾರ. ಮಗಳನ್ನು ನೋಡಿಕೊಳ್ಳಲು ಅಮ್ಮ ಇದ್ದೇ ಇದ್ದರು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ವಿಮಾನ, ಮನೆಯಿಂದ ಹನ್ನೆರಡೂವರೆಗೆ ಹೊರಟರೆ ಬಸ್ಸಿನಲ್ಲಿ ಸ್ಖಿಪೋಲ್ ವಿಮಾನ ನಿಲ್ದಾಣ ಕಾಲುಗಂಟೆ.

ಗುರುವಾರ ಸಂಜೆ ಅಮ್ಮ ಪಂಚಾಂಗ ಹಿಡಿದು ಬಂದರು.

"ನಾಳೆ ಎಷ್ಟೊತ್ತಿಗೆ ಹೊರಡುದು?"

"ಹನ್ನೆರಡೂವರೆಗೆ ಅಮ್ಮ."

"ರಾಹುಕಾಲ."

ಸುಶಾಂತ್ ನಕ್ಕ. ಇದು ಅವನ ಶೀಟಿನಲ್ಲಿ ಹದಿನೇಳನೇ ಸಂಭವ. "ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ನಾನು ಅದನ್ನು ನೋಡಿಯೇ ಟಿಕೆಟ್ ಬುಕ್ ಮಾಡಿದ್ದು."

"ಅದು ಉಡುಪಿ ಸೂರ್ಯನ ಲೆಕ್ಕ ಮಾರಾಯ," ಎಂದರು ಅಮ್ಮ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. "ಇಲ್ಲಿಯ ಸೂರ್ಯ ಆರು ಗಂಟೆಗೆ ಮೊದಲೇ ಬರ್ತಾನೆ, ಹೋಗುದು ಹತ್ತು ಗಂಟೆ ಹತ್ತಿರಕ್ಕೆ. ಹಗಲು ಎಷ್ಟಾಯ್ತು? ಹದಿನಾರು ಗಂಟೆ. ಎಂಟು ಪಾಲು ಮಾಡು. ಒಂದು ಪಾಲು ಎರಡು ಗಂಟೆ. ಶುಕ್ರವಾರ ನಾಲ್ಕನೇ ಪಾಲು ರಾಹುಂದು. ಹನ್ನೊಂದು ಮುಕ್ಕಾಲಿಂದ ಒಂದು ಮುಕ್ಕಾಲು."

ಸುಶಾಂತ್ ಫೋನಿನಲ್ಲಿ ಗುಣಾಕಾರ, ಭಾಗಾಕಾರ ಎರಡನ್ನೂ ಮಾಡಿ ನೋಡಿದ. ಲೆಕ್ಕ ಸರಿಯಾಗಿತ್ತು. ಯೂರೋಪಿನ ಬೇಸಗೆಯಲ್ಲಿ ರಾಹುವಿಗೂ ಓವರ್‌ಟೈಮ್ ಇತ್ತು. ಒಂದು ಮುಕ್ಕಾಲಿನ ನಂತರ ಹೊರಟರೆ ವಿಮಾನ ಸಿಗುವುದಿಲ್ಲ, ಹನ್ನೊಂದು ಮುಕ್ಕಾಲಿಗೆ ಮೊದಲು ಹೊರಡೋಣವೆಂದರೆ ಹನ್ನೊಂದಕ್ಕೆ ಬಾಸ್ ಜೊತೆ ಮೀಟಿಂಗು.

"ಹಾಗಾದ್ರೆ ಪ್ರಸ್ಥಾನ ಇಡು," ಎಂದು ಅಮ್ಮ ದಾರಿ ತೋರಿದರು. "ಒಳ್ಳೆ ಹೊತ್ತಿನಲ್ಲಿ ಪೆಟ್ಟಿಗೆ ಹೊರಗೆ ಹೋದ್ರೆ ನೀವು ಹೊರಟ ಹಾಗೇ ಲೆಕ್ಕ. ಆಮೇಲೆ ಯಾವಾಗ ಹೋದ್ರೂ ಅಡ್ಡಿಯಿಲ್ಲ. ಊರಲ್ಲಿ ನಾವು ಪಕ್ಕದ ಮನೆ ಜಗಲಿಯಲ್ಲಿ ಇಡುದು."

ಆದರೆ ಪ್ರಸ್ಥಾನಕ್ಕೂ ಶರತ್ತುಗಳಿದ್ದವು. ಪೆಟ್ಟಿಗೆ ಮನೆಯ ಗಡಿ ದಾಟಿರಬೇಕು, ಮುಂದಿನ ಹೂದೋಟ ಲೆಕ್ಕಕ್ಕಿಲ್ಲ. ನೆಲಕ್ಕೆ ತಾಗಬಾರದು. ಪ್ರಯಾಣಕ್ಕೆ ಬೇಕೇಬೇಕಾದ ವಸ್ತು ಅದರೊಳಗಿರಬೇಕು. "ಪಾಸ್‌ಪೋರ್ಟ್ ಇಲ್ಲದ ಪೆಟ್ಟಿಗೆ ಹೊರಗಿಟ್ಟು ಯಾರಿಗೆ ಮೋಸ ಮಾಡುದು?" ಎಂದರು ಅಮ್ಮ. ಇನ್ನು, ಒಮ್ಮೆ ಇಟ್ಟದ್ದನ್ನು ಯಾವ ಕಾರಣಕ್ಕೂ ಒಳಗೆ ತರುವಂತಿಲ್ಲ.

"ಕೊಟ್ಟುಬಿಡಿ ಪಕ್ಕದ ಮನೆಗೆ. ಅತ್ತೆಗೂ ಸಮಾಧಾನ," ಎಂದಳು ಸಂಪ್ರೀತಾ.

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಸುಶಾಂತ್ ಪೆಟ್ಟಿಗೆ ಎಳೆದುಕೊಂಡು ಪಕ್ಕದ ಮನೆಯ ಡಚ್ ಅಜ್ಜಿಯ ಕಿಟಕಿಯ ಹೊರಗೆ, ನಿಯಮದ ಪ್ರಕಾರ ಒಂದೂವರೆ ಮೀಟರ್ ದೂರದಲ್ಲಿ ನಿಂತ. ನಮಗಿಂತ ಮೊದಲು ಈ ಪೆಟ್ಟಿಗೆ ಮನೆ ಬಿಟ್ಟು ಹೋಗಬೇಕಾಗಿದೆ, ನಿಮ್ಮಲ್ಲಿ ಎರಡು ಗಂಟೆ ಇರಲಿ ಎಂದು ಡಚ್ಚಿನಲ್ಲಿ ವಿವರಿಸಿದ. ಅಜ್ಜಿ ಮರುಕದಿಂದ ಕೇಳಿದರು, "ಹೆಂಡತಿ ಹೊರಗೆ ಹಾಕಿದಳೇ?" ಅಲ್ಲವೆಂದು ಗ್ರಹಗತಿಯನ್ನು ತಿಳಿಸಲು ಹೋದಾಗ ಅವರು ಪರದೆ ಎಳೆದರು. ಡಚ್ಚರು ಕಿಟಕಿಗೆ ಪರದೆ ಎಳೆಯುವ ಜನವೇ ಅಲ್ಲ.

ಹೀಗೆ ಪೆಟ್ಟಿಗೆ ಸಮೇತ ಬೀದಿಯಲ್ಲಿ ನಿಂತವನ ಕಣ್ಣಿಗೆ ಎದುರಿನ ಮರದಡಿಯ ಹಸಿರು ಸೋಫಾ ಬಿತ್ತು. ಲಾಕ್‌ಡೌನಿನಲ್ಲಿ ಊರಿಗೆ ಊರೇ ಮನೆ ಗುಡಿಸಿ ಹಳೇ ಸಾಮಾನು ಬೀದಿಗಿಡುತ್ತಿತ್ತು. ಯಾರೋ ಹೊರಹಾಕಿದ ಸೋಫಾ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಕಸದ ಗಾಡಿ ಬರುವುದು ಮಂಗಳವಾರ. ಸೋಫಾದಂಥ ದೊಡ್ಡ ಸಾಮಾನಿಗೆ ಬೇರೆ ಲಾರಿಯಿದೆ, ಅದು ಫೋನ್ ಮಾಡಿ ಹೇಳಿದ ದಿನ ಬರುತ್ತದೆ ಎಂಬುದು ಮಾತ್ರ ಅವನ ನಲವತ್ತಮೂರು ಸಂಭವಗಳಲ್ಲಿ ಇರಲಿಲ್ಲ. ಗಡಿ ದಾಟಿದೆ, ನೆಲಕ್ಕೆ ತಾಗುವುದಿಲ್ಲ, ಮೇಲೆ ಮರದ ನೆರಳು! ಅವನು ಪೆಟ್ಟಿಗೆಯನ್ನು ಸೋಫಾದ ನಡುವೆ ಕುಳ್ಳಿರಿಸಿ, ಒಂದು ಫೋಟೋ ತೆಗೆದು ಅಮ್ಮನಿಗೆ ತೋರಿಸಿದ. ಅಮ್ಮ ಕಿಟಕಿಯಿಂದಲೇ ಕೈ ಮುಗಿದರು.

ಹನ್ನೊಂದಕ್ಕೆ ಮೀಟಿಂಗಿಗೆ ಕುಳಿತವನನ್ನು ಬಾಸ್ ಐವತ್ತು ನಿಮಿಷ ಹಿಡಿದ. ನಡುವೆ ಶ್ರೇಯಾ ಬಾಗಿಲು ತೆರೆದು ಡಚ್ಚಿನಲ್ಲಿ ಲಾರಿ, ಸೋಫಾ ಎಂದೇನೋ ಹೇಳಲು ಬಂದಳು. ಸುಶಾಂತ್ ಕ್ಯಾಮೆರಾದ ಕಡೆ ನಗುತ್ತಲೇ ಕೈಸನ್ನೆಯಿಂದ ಅವಳನ್ನು ಓಡಿಸಿದ.

ಕೆಳಗಿಳಿದು ಬಂದಾಗ ಅಮ್ಮ ಬಹಳ ಸಂತೋಷದಲ್ಲಿದ್ದರು.

"ಎಂತ ವ್ಯವಸ್ಥೆ ಮಾರಾಯ ಈ ದೇಶದ್ದು! ಏರ್‌ಪೋರ್ಟಿನವರು ಬಂದು ಪೆಟ್ಟಿಗೆ ತಗೊಂಡು ಹೋದ್ರು."

"ಯಾರು?"

"ಕೇಸರಿ ಬಣ್ಣದ ಡ್ರೆಸ್ಸು ಹಾಕಿದ ಇಬ್ಬರು. ನಾನು ಕೈ ಬೀಸಿದೆ, ಅವರೂ ಬೀಸಿದ್ರು."

ಸುಶಾಂತ್ ಕಿಟಕಿಗೆ ಓಡಿದ. "ಸೋಫಾ?"

"ಅದನ್ನೂ ತಗೊಂಡು ಹೋದ್ರು. ದಾರಿಯಲ್ಲಿ ಕೂತ್ಕೊಳ್ಳಿಕ್ಕೆ ಅಂತ ಎಣಿಸಿದೆ."

ಆ ಹೊತ್ತಿಗೆ ಸಂಪ್ರೀತಾ ಮೆಟ್ಟಿಲಿಳಿದು ಬಂದಳು. ಲಿಪ್‌ಸ್ಟಿಕ್ ಹಾಕಿದ್ದಳು. ಕೊರೊನಾ ಬಂದ ಮೇಲೆ ಅದು ಮೊದಲ ಸಲ. ಸುಶಾಂತ್ ವಿಷಯ ಹೇಳಿದ. ಅವಳು ಕೊನೆಯ ಮೆಟ್ಟಿಲ ಮೇಲೆ ಕುಳಿತಳು.

"ನನ್ನ ಕೆಂಪು ಡ್ರೆಸ್?"

"ಅದರಲ್ಲೇ."

"ನಿಮ್ಮ ಪಾಸ್‌ಪೋರ್ಟ್?"

"ನೀಲಿ ಪೌಚಿನಲ್ಲಿ, ಅದರಲ್ಲೇ. ನಿಂದೂ ಅದರಲ್ಲೇ."

"ನಂದು ಅದರಲ್ಲಿಲ್ಲ," ಎಂದಳು ಸಂಪ್ರೀತಾ. "ನಿನ್ನೆ ಹೆಲ್ತ್ ಫಾರ್ಮ್ ತುಂಬೋಕೆ ತೆಗೆದೆ. ವಾಪಸ್ ಇಡೋದು ಮರ್ತೋಯ್ತು." ನಿಜಕ್ಕೂ ಮರೆತಿದ್ದಳೋ ಅಥವಾ ಗಂಡನ ಏರ್ಪಾಡಿನ ಮೇಲಿನ ನಂಬಿಕೆ ಅಷ್ಟಕ್ಕಷ್ಟೇ ಇತ್ತೋ, ಆ ದೇವರೇ ಬಲ್ಲ.

ಸುಶಾಂತ್ ಪುರಸಭೆಗೆ ಫೋನ್ ಮಾಡಿದ. ಲಾರಿ ಊರಾಚೆಯ ಕಸದ ಯಾರ್ಡಿಗೆ ಹೋಗಿದೆಯೆಂದೂ, ಅಲ್ಲಿಗೇ ಹೋಗಿ ಕೇಳಬೇಕೆಂದೂ ಉತ್ತರ ಬಂತು. ಹುಡುಕಿ ತಂದು ಮೂರರ ವಿಮಾನ ಹಿಡಿಯುವುದು ಆಗದ ಮಾತು. ಹೆಂಡತಿಯ ಮುಖ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ. ಊಟಿಯ ನಂತರ ಹತ್ತು ವರ್ಷಕ್ಕೆ ಕೊಟ್ಟ ಒಂದೇ ಒಂದು ಮಾತು ಸೋಫಾ ಹತ್ತಿ ಹೋಗಿತ್ತು. ಆಗ ಅವನೊಳಗಿನ ತ್ಯಾಗಮೂರ್ತಿ ಎಚ್ಚೆತ್ತ. ಎದೆಯ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಹೇಳಿದ:

"ನನ್ನ ಹಣೆಬರಹ ಇಷ್ಟೇ. ನೀನಾದ್ರೂ ಹೋಗಿ ಬಾ."

ಇದು ಉಪಚಾರದ ಮಾತು. ಅವನ ಊರಿನಲ್ಲಿ ಇಂಥ ಮಾತಿಗೊಂದು ಕ್ರಮವಿದೆ. ಊಟಕ್ಕೆ ಕೂರಿ ಎಂದರೆ ಮೊದಲು ಬೇಡ ಎನ್ನಬೇಕು, ಎರಡನೇ ಸಲ ನಿಮಗ್ಯಾಕೆ ತೊಂದರೆ ಎನ್ನಬೇಕು, ಮೂರನೇ ಸಲ ಬೇಕಾದರೆ ಎಲೆಯ ಮುಂದೆ ಕೂರಬಹುದು. ಅದರಂತೆ ಸಂಪ್ರೀತಾ ಈಗ "ನೀವಿಲ್ಲದೆ ನಾನೊಬ್ಬಳೇ ಹೇಗೆ ಹೋಗಲಿ" ಎನ್ನುತ್ತಾಳೆ, ತಾನು ಇನ್ನೊಮ್ಮೆ ಒತ್ತಾಯಿಸುವುದು, ಅವಳ ಕಣ್ಣು ತುಂಬುವುದು, ಆಮೇಲೆ ಇಬ್ಬರೂ ಒಂದೊಂದು ಟೀ ಕುಡಿದು ಸಮಾಧಾನಪಡುವುದು ಎಂದೆಲ್ಲ ಅವನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಟ್ಟುಕೊಂಡ.

"ಸರಿ," ಎಂದಳು ಸಂಪ್ರೀತಾ.

ಅವನಿಗೆ ಅರ್ಥವಾಗುವಷ್ಟರಲ್ಲಿ ಅವಳು ಮೇಲೆ ಹೋಗಿ, ಎರಡು ಚೂಡಿದಾರವನ್ನು ಆಫೀಸ್ ಬ್ಯಾಗಿಗೆ ತುರುಕಿ, ಕೆಳಗೆ ಬಂದು ಚಪ್ಪಲಿ ಹಾಕುತ್ತಿದ್ದಳು. ಸುಶಾಂತ್ ಕೊನೆಯ ಆಸರೆಯಾಗಿ ಅಮ್ಮನ ಕಡೆ ತಿರುಗಿದ. "ಅಮ್ಮಾ, ಈಗ ರಾಹುಕಾಲ ಅಲ್ವಾ? ಹೇಳಿ ಅವಳಿಗೆ."

"ಅವಳ ವಸ್ತ್ರ ಪೆಟ್ಟಿಗೆಯಲ್ಲೇ ಉಂಟಲ್ಲ," ಎಂದರು ಅಮ್ಮ. "ಅವಳು ಹತ್ತೂವರೆಗೇ ಹೊರಟಾಗಿದೆ. ಹೋಗಿ ಬಾ ಮಗಾ, ಜಾಗ್ರತೆ."

"ಹೋಗ್ಬರ್ತೀನಿ ಅತ್ತೆ," ಎಂದು ಅವಳು ಅವರ ಕಾಲಿಗೆ ನಮಸ್ಕರಿಸಿ, ಮಗಳಿಗೆ ಮುತ್ತು ಕೊಟ್ಟು, ಮಾಸ್ಕ್ ಏರಿಸಿ, ಬಸ್ ಹತ್ತಿ ಹೋದಳು. ತಿರುಗಿ ನೋಡುವಳೇ ಎಂದು ಸುಶಾಂತ್ ಕಾದ. ಬಸ್ಸಿನ ಕಿಟಕಿಯಲ್ಲಿ ಅವಳು ಕಣ್ಣು ಮುಚ್ಚಿ ಒರಗಿದ್ದು ಕಂಡಿತು.

ಅವನು ಸೈಕಲ್ ತುಳಿದು ಯಾರ್ಡ್ ಮುಟ್ಟಿದ. ಗೇಟಿನಲ್ಲಿದ್ದ ಧಡೂತಿ ಮನುಷ್ಯ, "ಅಪಾಯಿಂಟ್‌ಮೆಂಟ್ ಇದೆಯೇ? ಕೊರೊನಾ ಸಮಯ, ಅದಿಲ್ಲದವರಿಗೆ ಪ್ರವೇಶವಿಲ್ಲ. ಏನು ಎಸೆಯಲು ಬಂದಿರಿ?" ಎಂದು ಕೇಳಿದ.

"ಎಸೆಯಲು ಅಲ್ಲ, ಎಸೆದದ್ದನ್ನು ವಾಪಸ್ ತೆಗೆದುಕೊಳ್ಳಲು."

"ಅದಕ್ಕೆ ನಮ್ಮಲ್ಲಿ ಫಾರ್ಮ್ ಇಲ್ಲ."

ಸುಶಾಂತ್ ಅಲ್ಲೇ ನಿಂತು ಫೋನಿನಲ್ಲಿ, 'ಹಳೇ ಚಪ್ಪಲಿ, ಒಂದು ಜೊತೆ' ಎಂದು ನಮೂದಿಸಿ, ನಾಲ್ಕು ಗಂಟೆಯ ಅಪಾಯಿಂಟ್‌ಮೆಂಟ್ ಪಡೆದ. ನಾಲ್ಕಕ್ಕೆ ಗೇಟು ತೆರೆಯಿತು. ಕಾಲಲ್ಲಿದ್ದ ಚಪ್ಪಲಿಯನ್ನು ನಿಯಮದಂತೆ ತೊಟ್ಟಿಗೆ ಹಾಕಿಸಿಕೊಂಡರು. ಬರಿಗಾಲಲ್ಲಿ ಹುಡುಕುತ್ತ ಹೋದವನಿಗೆ, ಇನ್ನೂ ಬಳಸಬಹುದಾದ ಸಾಮಾನು ಇಡುವ ಷೆಡ್ಡಿನಲ್ಲಿ, ಅದೇ ಹಸಿರು ಸೋಫಾದ ಮೇಲೆ ಪೆಟ್ಟಿಗೆ ಸಿಕ್ಕಿತು. ನೆಲಕ್ಕೆ ತಾಗಿರಲಿಲ್ಲ. ನೀಸ್‌ನ ಬಿಸಿಲಿಗೆಂದು ಕೊಂಡು ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿದ್ದ ಅವನ ಹುಲ್ಲಿನ ಟೋಪಿಯನ್ನು ಮಾತ್ರ ಒಬ್ಬ ಕೆಲಸಗಾರ ಆಗಲೇ ಹಾಕಿಕೊಂಡಿದ್ದ. ಅದು ಅವನಿಗೆ ಬಹಳ ಒಪ್ಪುತ್ತಿತ್ತು.

ತೆರೆದು ನೋಡಿದರೆ ಪಾಸ್‌ಪೋರ್ಟ್ ಇತ್ತು. ಅದರ ಕೆಳಗೆ ಸಂಪ್ರೀತಾಳ ಕೆಂಪು ಡ್ರೆಸ್ಸು, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಅದನ್ನು ನೋಡಿ ಸುಶಾಂತನಿಗೆ ನಿಜವಾಗಿಯೂ ಅಳು ಬಂತು. ಪಾಪ, ಎಷ್ಟು ಆಸೆಯಿಂದ ಕೊಂಡಿದ್ದಳು! ಅಪರಿಚಿತ ಊರಿನಲ್ಲಿ, ಅಷ್ಟು ದೊಡ್ಡ ಹಾಸಿಗೆಯ ಮೇಲೆ, ಗುಲಾಬಿ ಎಸಳುಗಳ ನಡುವೆ ಒಬ್ಬಳೇ ಕುಳಿತು ಅಳುತ್ತಿರಬಹುದು ಎಂದುಕೊಂಡ.

ಆ ಎರಡು ದಿನ ಅವನು ಹದಿನೆಂಟು ಸಲ ಟೀ, ಕಾಫಿ, ಹಾಲು ಮಾಡಿದ. ಶನಿವಾರ ನಾಲ್ಕು ಸಲ ಫೋನ್ ಮಾಡಿದ, ಎತ್ತಲಿಲ್ಲ. ದುಃಖದಲ್ಲಿದ್ದಾಳೆಂದು ಅವನಿಗೆ ಇನ್ನಷ್ಟು ಸಂಕಟವಾಯಿತು.

ಭಾನುವಾರ ಸಂಜೆ ಬಾಗಿಲು ತೆರೆಯಿತು. ಸಂಪ್ರೀತಾಳ ಮೂಗಿನ ತುದಿ ಬಿಸಿಲಿಗೆ ಕೆಂಪಾಗಿತ್ತು, ಮುಖ ಹತ್ತು ವರ್ಷ ಹಿಂದಕ್ಕೆ ಹೋದಂತಿತ್ತು. ಸುಶಾಂತ್ ಓಡಿಹೋಗಿ ಬ್ಯಾಗ್ ತೆಗೆದುಕೊಂಡ.

"ತುಂಬಾ ಬೇಜಾರಾಯ್ತಾ? ಫೋನೂ ಎತ್ಲಿಲ್ಲ."

"ಮಲಗಿದ್ದೆ. ಹದಿನಾಲ್ಕು ಗಂಟೆ. ಯಾರೂ ಎಬ್ಬಿಸ್ಲಿಲ್ಲ."

"ಕ್ಯಾಂಡಲ್ ಲೈಟ್ ಡಿನ್ನರ್ ಕ್ಯಾನ್ಸಲ್ ಮಾಡಿದ್ಯಾ?"

"ಯಾಕೆ? ಎರಡು ಪ್ಲೇಟೂ ನಾನೇ ತಿಂದೆ. ದೋಣಿಯಲ್ಲಿ ಎರಡು ಸೀಟು ಇತ್ತು, ಕಾಲು ಚಾಚಿಕೊಂಡು ಹೋದೆ."

ಸುಶಾಂತ್ ಬ್ಯಾಗನ್ನು ಕೆಳಗಿಟ್ಟ. ಕ್ಷಮೆ ಕೇಳಲು ಎರಡು ದಿನದಿಂದ ಕಲಿತಿಟ್ಟಿದ್ದ ಮಾತುಗಳನ್ನು ನೆನಪಿಸಿಕೊಂಡು ತಲೆ ತಗ್ಗಿಸಿದ. "ಸಂಪ್ರೀತಾ, ನನ್ನಿಂದ ಎಲ್ಲಾ ಹಾಳಾಯ್ತು. ಇನ್ಮೇಲೆ ನಾನು ಇಂಥ ಏರ್ಪಾಡಿಗೆ ಕೈ ಹಾಕಲ್ಲ. ಮುಂದಿನ ವರ್ಷದ ಆನಿವರ್ಸರಿಗೆ ಎಲ್ಲಾ ಪ್ಲಾನೂ ನೀನೇ ಮಾಡು."

ಸಂಪ್ರೀತಾ ಗಾಬರಿಯಿಂದ ಅವನ ಎರಡೂ ಕೈ ಹಿಡಿದುಕೊಂಡಳು. ಹತ್ತು ವರ್ಷದಲ್ಲಿ ಅವಳ ದನಿಯಲ್ಲಿ ಅಷ್ಟು ಪ್ರೀತಿಯನ್ನು ಅವನು ಕೇಳಿರಲಿಲ್ಲ.

"ಬೇಡ ರೀ, ಹಾಗೆಲ್ಲ ಹೇಳ್ಬೇಡಿ. ಮುಂದಿನ ವರ್ಷವೂ ನೀವೇ ಮಾಡಿ. ಇದೇ ತರ ಮಾಡಿ."