ಕರ್ನಲ್ ಟಿಬ್ಸನ ಮೇಲೆ ಕೆಂಪು ಬಣ್ಣ

ಡೆಲ್ಮರ್: ಅರ್ವಿಲ್ಲಾ, ಮೊದಲು ಆ ಬ್ರಷ್ ಕೆಳಗಿಡು. ಆಮೇಲೆ ಮಾತಾಡೋಣ.

ಅರ್ವಿಲ್ಲಾ: ಮಾತಾಡು, ಯಾರು ಬೇಡ ಅಂದ್ರು? ಕೈಗೆ ತಾನೇ ಕೆಲಸ ಇರೋದು, ಕಿವಿ ಬಿಡುವಾಗೇ ಇದೆ.

ಅರ್ವಿಲ್ಲಾ ಸ್ಟ್ರೌಡ್ ಏಣಿಯ ಮೇಲಿದ್ದಳು. ಎಪ್ಪತ್ತು ದಾಟಿದ್ದರೂ ಏಣಿ ಹತ್ತುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಹೆಂಗಸಲ್ಲ. ಕೆಳಗೆ ಏಣಿ ಹಿಡಿದು ನಿಂತವನು ಅವಳ ಗಂಡ ವರ್ಲಿನ್. ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಅದರ ಬಾಗಿಲನ್ನೂ ಮುಚ್ಚದೆ ಏದುಸಿರು ಬಿಡುತ್ತ ಓಡಿ ಬಂದವನು ಡೆಲ್ಮರ್ ಕ್ವಿಗ್. ಅರ್ವಿಲ್ಲಾಳ ಜೊತೆ ಒಂದೇ ಶಾಲೆಯಲ್ಲಿ ಓದಿದವನು; ವಿಮೆ ಮಾರುವ ಕೆಲಸದಿಂದ ನಿವೃತ್ತನಾದ ಮೇಲೆ ಹಳೆಯ ಜಾಹೀರಾತುಗಳನ್ನು ಕಾಪಾಡುವ ಸಂಘ ಕಟ್ಟಿ ತಾನೇ ಅದರ ಅಧ್ಯಕ್ಷನಾಗಿದ್ದ. ನಮ್ಮ ಒಹಾಯೋದ ಈ ಗುಡ್ಡಗಳ ಕಡೆ ಒಂದು ಕಾಲಕ್ಕೆ ರಸ್ತೆ ಪಕ್ಕದ ದನದ ಕೊಟ್ಟಿಗೆಗಳ ಮೇಲೆಲ್ಲ ತಂಬಾಕಿನ ಜಾಹೀರಾತು ಬರೆದಿರುತ್ತಿತ್ತು. ಅರ್ವಿಲ್ಲಾ ಹುಟ್ಟಿ ಬೆಳೆದು ಈಗಲೂ ಇರುವ ಮನೆಯ ಎತ್ತರದ ಮರದ ಕೊಟ್ಟಿಗೆಯ ಮೇಲೆ ಕರ್ನಲ್ ಟಿಬ್ಸ್ ಎಂಬ ಜಗಿಯುವ ತಂಬಾಕಿನ ಚಿತ್ರದ ಕರ್ನಲ್ ಇನ್ನೂ ಮೀಸೆ ತಿರುವಿಕೊಂಡು ನಿಂತಿದ್ದ. ಅಂದರೆ ಆ ಬೆಳಿಗ್ಗೆಯವರೆಗೆ ನಿಂತಿದ್ದ. ಈಗ ಅವನ ಟೋಪಿಯೂ ಒಂದು ಕಣ್ಣೂ ಕೆಂಪು ಬಣ್ಣದ ಕೆಳಗೆ ಸೇರಿದ್ದವು.

ಡೆಲ್ಮರ್: ನೀನು ಬಳೀತಿರೋದು ಬಣ್ಣ ಅಲ್ಲ ಕಣೇ, ಮಸಿ. ಇದು ನಮ್ಮ ಚರಿತ್ರೆ.

ವರ್ಲಿನ್: ಛತ್ರಿನಾ? ಮಳೆ ಬರೋ ಹಾಗೆ ಕಾಣಲ್ವಲ್ಲ.

ಅರ್ವಿಲ್ಲಾ: ಛತ್ರಿ ಅಲ್ಲ ವರ್ಲಿನ್, ಚರಿತ್ರೆ. ಕಿವಿಯ ಮೆಷಿನ್ನು ಎಲ್ಲಿ?

ವರ್ಲಿನ್: ಅಡುಗೆಮನೇಲಿದೆ. ನೀವಿಬ್ಬರೂ ಮಾತಾಡ್ತೀರಿ ಅಂತ ಗೊತ್ತಾಯ್ತು, ತೆಗೆದಿಟ್ಟು ಬಂದೆ.

ಡೆಲ್ಮರ್: ಈ ಜಿಲ್ಲೇಲಿ ಉಳಿದಿರೋ ಕರ್ನಲ್ ಇವನೊಬ್ಬನೇ. ಮಿಕ್ಕವರೆಲ್ಲ ಬಿದ್ದರು, ಸುಟ್ಟುಹೋದರು, ಇಲ್ಲಾ ಅವರ ಮೇಲೆ ಪ್ಲಾಸ್ಟಿಕ್ ಹಲಗೆ ಹೊಡೆದರು.

ಅರ್ವಿಲ್ಲಾ: ಪಾಪ, ಒಂಟಿ ಜೀವ. ಇವನನ್ನೂ ಕಳಿಸಿಕೊಡೋಣ, ಜೊತೆಗಾರರು ಕಾಯ್ತಿರ್ತಾರೆ.

ಡೆಲ್ಮರ್: ಎಲ್ಲೆಲ್ಲಿಂದಲೋ ಜನ ಬಂದು ಫೋಟೋ ತೆಗೀತಾರೆ ಕಣೇ.

ಅರ್ವಿಲ್ಲಾ: ತೆಗೀತಾರೆ. ನನ್ನ ಟೊಮೇಟೊ ಗಿಡ ತುಳಿದುಕೊಂಡು ತೆಗೀತಾರೆ. ಮೊನ್ನೆ ಒಬ್ಬಳು ಬಂದು, ಅಜ್ಜಿ, ಸ್ವಲ್ಪ ಪಕ್ಕಕ್ಕೆ ಸರೀರಿ, ಫೋಟೋದಲ್ಲಿ ಹಳೇದು ಮಾತ್ರ ಬರಬೇಕು ಅಂದ್ಲು.

ವರ್ಲಿನ್: ನನಗೆ ಮಾತ್ರ ಅಲ್ಲೇ ಇರಿ ಅಂದ್ಲು.

ಅರ್ವಿಲ್ಲಾ: ಈ ಮಾತು ಹೇಗೆ ಕೇಳಿಸ್ತು ನಿನಗೆ?

ವರ್ಲಿನ್ ಏಣಿಯ ಕಾಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. ಡೆಲ್ಮರ್ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಎಂದೋ ಮುಚ್ಚಿಹೋದ ಒಂದು ಟ್ರ್ಯಾಕ್ಟರ್ ಕಂಪನಿಯ ಟೋಪಿ ಅದು.

ಡೆಲ್ಮರ್: ನಮ್ಮದು ಅನ್ನೋದು ಒಂದೊಂದೇ ಹೋಗ್ತಾ ಇದೆ ಅರ್ವಿಲ್ಲಾ. ವುಲ್ವರ್ತ್ ಅಂಗಡಿ ಹೋಯ್ತು. ಓಲ್ಡ್ಸ್‌ಮೊಬೀಲ್ ಕಾರು ಹೋಯ್ತು. ಪೇಟೇಲಿದ್ದ ಸಿಯರ್ಸ್ ಅಂಗಡೀನೂ ಹೋಯ್ತು. ಅದರ ಬೋರ್ಡು ಇಳಿಸಿದ ದಿನ ನಾನು ಎದುರಿಗೆ ನಿಂತು ಅತ್ತೆ.

ಅರ್ವಿಲ್ಲಾ: ಎದುರಿಗೆ ನಿಂತೆ. ಒಳಗೆ ಕೊನೇ ಸಲ ಹೋಗಿದ್ದು ಯಾವಾಗ?

ಡೆಲ್ಮರ್: ಮದುವೆಯಾದ ಹೊಸದರಲ್ಲಿ. ಬಟ್ಟೆ ಒಗೆಯೋ ಮೆಷಿನ್ನು ತಂದಿದ್ವಿ. ಇವತ್ತಿಗೂ ಓಡ್ತಾ ಇದೆ, ಒಂದು ದಿನ ಕೆಟ್ಟಿಲ್ಲ.

ಅರ್ವಿಲ್ಲಾ: ಅದಕ್ಕೇ ಅವರು ಮುಚ್ಚಿದ್ದು.

ಡೆಲ್ಮರ್: ತಮಾಷೆ ಅಲ್ಲ.

ಅರ್ವಿಲ್ಲಾ: ನಾನೂ ತಮಾಷೆ ಮಾಡ್ತಿಲ್ಲ. ಬಾಗಿಲು ತೆಗೆದುಕೊಂಡು ನಿಂತಿದೆಯಲ್ಲ ನಿನ್ನ ಗಾಡಿ, ಅದು ಯಾವ ದೇಶದ್ದು?

ಡೆಲ್ಮರ್: ಜೋಡಿಸಿದ್ದು ಇಲ್ಲೇ, ಪಕ್ಕದ ಇಂಡಿಯಾನಾ ರಾಜ್ಯದಲ್ಲಿ.

ಅರ್ವಿಲ್ಲಾ: ಹೆಸರು?

ಡೆಲ್ಮರ್: ಹೆಸರು ಜಪಾನಿನದು. ಹೆಸರಲ್ಲೇನಿದೆ ಬಿಡು.

ಅರ್ವಿಲ್ಲಾ: ಹೆಸರಲ್ಲೇನೂ ಇಲ್ಲ ಅಂದ್ಮೇಲೆ ಇವನ ಹೆಸರಿಗೆ ಯಾಕೆ ಕಣ್ಣೀರು? ವರ್ಲಿನ್, ಆ ಟೋಪಿ ಒಳಗೆ ಚೀಟಿ ಇರುತ್ತೆ, ಓದು.

ವರ್ಲಿನ್ ಒಂದು ಕೈ ಬಿಟ್ಟು, ಡೆಲ್ಮರನ ಎದೆಯ ಮೇಲಿದ್ದ ಟೋಪಿಯನ್ನು ಮೆಲ್ಲಗೆ ಬಿಡಿಸಿಕೊಂಡು, ದೂರ ಹಿಡಿದು ಓದಿದ.

ವರ್ಲಿನ್: ಬಾಂಗ್ಲಾದೇಶ. ತಣ್ಣೀರಲ್ಲಿ ಒಗೆಯಿರಿ.

ಡೆಲ್ಮರ್ ಟೋಪಿ ಕಿತ್ತುಕೊಂಡು ಹಾಕಿಕೊಂಡ. ಅಧ್ಯಕ್ಷನಾದವನು ಇಷ್ಟಕ್ಕೆಲ್ಲ ಬಗ್ಗುವುದಿಲ್ಲ.

ಡೆಲ್ಮರ್: ನಿನಗೆ ಬೇಡವಾದ್ರೆ ಬಿಡು. ಸಂಘ ಇದೆ, ನಾವು ಕಾಪಾಡ್ತೀವಿ.

ಅರ್ವಿಲ್ಲಾ: ಒಳ್ಳೇದು. ಛಾವಣಿ ಸೋರ್ತಾ ಇದೆ, ಅಲ್ಲಿಂದ ಶುರು ಮಾಡಿ.

ಡೆಲ್ಮರ್: ಛಾವಣಿ ನಮ್ಮ ವ್ಯಾಪ್ತಿಗೆ ಬರಲ್ಲ.

ಅರ್ವಿಲ್ಲಾ: ಗೋಡೆಯ ಹಲಗೆ ಕೊಳೆತಿದೆ.

ಡೆಲ್ಮರ್: ಒಳಗಡೆ ಕೊಳೆತಿದ್ರೆ ಅದೂ ಬರಲ್ಲ. ಹೊರಗಿನ ಬರಹ ಮಾತ್ರ ನಮ್ಮದು.

ಅರ್ವಿಲ್ಲಾ: ಕೊಟ್ಟಿಗೆ ಮಗುಚಿಕೊಂಡ್ರೆ?

ಡೆಲ್ಮರ್: ಬರಹ ಮೇಲ್ಮುಖವಾಗಿ ಬಿದ್ರೆ ನಮ್ಮದು.

ಅರ್ವಿಲ್ಲಾ ಬ್ರಷ್ ಅನ್ನು ಬಣ್ಣದ ಡಬ್ಬಿಯಲ್ಲಿ ಅದ್ದಿ ಕರ್ನಲನ ಇನ್ನೊಂದು ಕಣ್ಣಿನ ಕಡೆ ಚಾಚಿದಳು. ಡೆಲ್ಮರ್ ಏಣಿಯ ಕೆಳಗಿನ ಮೆಟ್ಟಿಲು ಹಿಡಿದುಕೊಂಡ. ಈಗ ಏಣಿಗೆ ಇಬ್ಬರಾದರು.

ಡೆಲ್ಮರ್: ಒಂದೇ ಒಂದು ಸಲ ಆ ಬರಹ ಓದು ಅರ್ವಿಲ್ಲಾ. ಎಂಥಾ ಮಾತು ಅದು. "ಜಗಿಯಿರಿ ಕರ್ನಲ್ ಟಿಬ್ಸ್. ಹಲ್ಲಿಗೆ ಬಲ, ಮನಸ್ಸಿಗೆ ನೆಮ್ಮದಿ." ಇವತ್ತು ಯಾರಿಗೆ ಬರುತ್ತೆ ಹೀಗೆ ಬರೆಯೋಕೆ?

ಚಾಚಿದ ಕೈ ಅಲ್ಲೇ ನಿಂತಿತು.

ಅರ್ವಿಲ್ಲಾ: ನಾನು ಈ ಮಾತು ಓದಿಕೊಂಡೇ ಅಕ್ಷರ ಕಲಿತಿದ್ದು ಕಣೋ. ನಮ್ಮಪ್ಪ ಮೀಸೆ ಮೂಡೋ ಮುಂಚೆಯಿಂದ ಇದನ್ನ ಜಗಿದ. ಮೊದಲು ಹಲ್ಲು ಹೋಯ್ತು, ಆಮೇಲೆ ಅರ್ಧ ದವಡೆ ಹೋಯ್ತು. ಅವನು ಉಗುಳಿದ ಡಬ್ಬಿ ತೊಳೆದೂ ತೊಳೆದೂ ಅಮ್ಮನ ನೆಮ್ಮದಿ ಹೋಯ್ತು. ಆಸ್ಪತ್ರೆಯವರು ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದ್ರಲ್ಲ, ಆಗ ಗಾಳಿ ಬರಲಿ ಅಂತ ಮಂಚ ಕಿಟಕಿ ಪಕ್ಕ ಹಾಕಿದ್ವಿ. ಆ ಕಿಟಕಿಯಿಂದ ಕಾಣ್ತಿದ್ದಿದ್ದು ಇವನ ಮುಖ. ಅಪ್ಪ ಇವನನ್ನ ನೋಡ್ತಾ ಮಲಗಿರ್ತಿದ್ದ, ಇವನು ಅಪ್ಪನ್ನ ನೋಡ್ತಾ ನಗ್ತಿದ್ದ.

ವರ್ಲಿನ್‌ಗೆ ಪೂರ್ತಿ ಕೇಳಿಸಿದಂತಿತ್ತು, ತಲೆ ತಗ್ಗಿಸಿಕೊಂಡಿದ್ದ.

ಡೆಲ್ಮರ್: ನನಗೂ ಗೊತ್ತು ಅರ್ವಿಲ್ಲಾ. ನಾನೂ ಅವರ ಮಣ್ಣಿಗೆ ಬಂದಿದ್ದೆ. ಆದ್ರೆ ಅದು ತಂಬಾಕಿನ ವಿಷಯ. ನಾನು ಹೇಳ್ತಿರೋದು ಅಕ್ಷರದ ವಿಷಯ. ಆ ಟಿಬ್ಸ್ ಅನ್ನೋ ಹೆಸರಿನ ಕೊನೇ ಅಕ್ಷರದ ಬಾಲ ಎಷ್ಟು ಚೆನ್ನಾಗಿ ಸುತ್ತಿದ್ದಾರೆ ನೋಡು.

ಅರ್ವಿಲ್ಲಾ: ನೀನು ಯಾವತ್ತಾದ್ರೂ ಜಗಿದಿದ್ದೀಯಾ?

ಡೆಲ್ಮರ್: ನಾನಾ? ಅಮ್ಮ ಚರ್ಮ ಸುಲಿದುಬಿಡ್ತಿದ್ಲು.

ಅರ್ವಿಲ್ಲಾ: ಅಂದ್ರೆ ನಾಲಿಗೆ ಮೇಲೆ ಇಡದೇ ಇರೋ ಸಾಮಾನಿಗೆ ಇಷ್ಟೊಂದು ಹಂಬಲ.

ಡೆಲ್ಮರ್‌ಗೆ ಇದು ನಾಟಿತು. ಸರಸರನೆ ಗಾಡಿಗೆ ಹೋಗಿ, ಹತ್ತಿಯಲ್ಲಿ ಸುತ್ತಿದ ಒಂದು ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮುಚ್ಚಳದ ಮೇಲೆ ಅದೇ ಕರ್ನಲ್, ಎರಡೂ ಕಣ್ಣು ಸಮೇತ.

ಡೆಲ್ಮರ್: ನೋಡು. ಯಾರೂ ತೆರೆಯದ ಡಬ್ಬಿ. ಕಾರ್ಖಾನೆ ಮುಚ್ಚಿದ ವರ್ಷದ್ದು. ಆಮೇಲೆ ಆ ಕಂಪನೀನ ಇನ್ನೊಂದು ಕಂಪನಿ ಕೊಂಡ್ಕೊಂಡಿತು, ಅದನ್ನ ಮತ್ತೊಂದು ಕೊಂಡ್ಕೊಂಡಿತು. ಈಗ ಕರ್ನಲ್ ಹೆಸರಲ್ಲಿ ನಾಯಿ ಬಿಸ್ಕತ್ತು ಬರುತ್ತೆ.

ವರ್ಲಿನ್: ಹಲ್ಲಿಗೆ ಬಲ ಅಂತಾನೇ ಬರೀತಾರಾ?

ಡೆಲ್ಮರ್: ಬರೀತಾರೆ.

ಅರ್ವಿಲ್ಲಾ: ಸರಿ ಡೆಲ್ಮರ್, ಒಂದು ಮಾತು. ಈಗ, ನನ್ನೆದುರಿಗೆ, ಆ ಡಬ್ಬಿ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊ. ನಾನು ಈ ಬ್ರಷ್ ತೊಳೆಯೋವರೆಗೆ ಜಗಿದು ನಿಂತ್ರೆ ಗೋಡೆ ನಿನ್ನದು. ಮಿಕ್ಕಿದ್ದನ್ನ ಮುಟ್ಟಲ್ಲ.

ಡೆಲ್ಮರ್: ಇದನ್ನ ತೆರೆಯೋದಾ? ಇದು ಸಂಗ್ರಹದ ವಸ್ತು.

ಅರ್ವಿಲ್ಲಾ: ಗೋಡೆಗಾಗಿ ಪ್ರಾಣ ಕೊಡ್ತೀನಿ ಅಂತ ಓಡಿಬಂದವನು ಮುಚ್ಚಳಕ್ಕೆ ಹೆದರ್ತೀಯಾ?

ಡೆಲ್ಮರ್ ಗೋಡೆಯನ್ನು ನೋಡಿದ, ಡಬ್ಬಿಯನ್ನು ನೋಡಿದ. ವರ್ಲಿನ್ ಜೇಬಿನಿಂದ ಚಾಕು ತೆಗೆದುಕೊಟ್ಟ. ಮುಚ್ಚಳ ಕಿರ್ ಎಂದು ಬಿಟ್ಟುಕೊಂಡಿತು. ಒಳಗೆ ಒಣಗಿ ಕರ್ರಗಾದ ಎಲೆ. ಡೆಲ್ಮರ್ ಒಂದು ಚಿಟಿಕೆ ತೆಗೆದು, ಚರ್ಚಿನಲ್ಲಿ ಪ್ರಸಾದ ತೆಗೆದುಕೊಳ್ಳುವವನಂತೆ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಅರ್ವಿಲ್ಲಾ ಏಣಿ ಇಳಿದು ಬಂದು ಬ್ರಷ್ ಅನ್ನು ಬಕೆಟ್ಟಿನ ನೀರಿಗೆ ಬಿಟ್ಟಳು. ತೊಳೆಯುವ ಅವಸರ ಅವಳಲ್ಲೇನೂ ಕಾಣಲಿಲ್ಲ.

ಅರ್ವಿಲ್ಲಾ: ಹೇಗಿದೆ?

ಡೆಲ್ಮರ್: ಗಂ... ಗಂಭೀರವಾಗಿದೆ.

ವರ್ಲಿನ್: ಗಬ್ಬು ಅಂದ್ನಾ?

ಅರ್ವಿಲ್ಲಾ: ಇನ್ನೂ ಅಂದಿಲ್ಲ. ತಾಳು.

ಡೆಲ್ಮರ್: ಇದರಲ್ಲಿ ಒಂದು... ಒಂದು ಕಾಲಮಾನದ... ಬೆಲ್ಲದ ಥರ...

ಅರ್ವಿಲ್ಲಾ: ನುಂಗಬೇಡ ಕಣೋ, ಉಗುಳಬೇಕು.

ಡೆಲ್ಮರ್: ಆಗಲೇ ನುಂಗಿದೆ.

ಅವನ ಮುಖ ಮೊದಲು ಬಿಳಿಯಾಯಿತು, ಆಮೇಲೆ ಹಸಿರಾಯಿತು. ಡಬ್ಬಿಯನ್ನು ಅರ್ವಿಲ್ಲಾಳ ಕೈಗೆ ತುರುಕಿ, ಕೊಟ್ಟಿಗೆಯ ಮೂಲೆಯ ಪೊದೆಯ ಹಿಂದಕ್ಕೆ ಓಡಿದ. ಅಲ್ಲಿಂದ ಬಂದ ಸದ್ದು ವರ್ಲಿನ್‌ಗೂ ಚೆನ್ನಾಗಿ ಕೇಳಿಸಿತು. ಅವನು ಕುಡಿಯುವ ನೀರು ತರಲು ಮನೆಯೊಳಗೆ ಹೋದ.

ಅವನು ನೀರು ತರುವಷ್ಟರಲ್ಲಿ ಅರ್ವಿಲ್ಲಾ ಹುಲ್ಲಿನ ಮೇಲೆ ಕೂತಿದ್ದಳು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಿದ್ದಳು. ವರ್ಲಿನ್ ನೀರನ್ನು ಪೊದೆಯ ಕಡೆ ಒಯ್ದ. ಡೆಲ್ಮರ್ ಬಾಯಿ ಮುಕ್ಕಳಿಸಿ, ಕಣ್ಣೊರೆಸಿಕೊಂಡು ಹೊರಗೆ ಬಂದ.

ಡೆಲ್ಮರ್: ಬಳಿ ಅರ್ವಿಲ್ಲಾ. ಪೂರ್ತಿ ಬಳಿ. ಒಂದು ಕೈ ಸಾಲದು, ಎರಡು ಕೈ ಬಳಿ. ಬ್ರಷ್ ಎಲ್ಲಿ? ನಾನೇ ಹತ್ತುತ್ತೀನಿ.

ಅವನು ಆಗಲೇ ಏಣಿ ಹತ್ತತೊಡಗಿದ್ದ; ವರ್ಲಿನ್ ಅಭ್ಯಾಸಬಲದಿಂದ ಏಣಿ ಹಿಡಿದ.

ಅರ್ವಿಲ್ಲಾ: ಬೇಡ.

ಡೆಲ್ಮರ್: ಏನು ಬೇಡ? ಇದು ವಿಷ ಕಣೇ.

ಅರ್ವಿಲ್ಲಾ: ಅದನ್ನೇ ತಾನೇ ಬೆಳಿಗ್ಗೆಯಿಂದ ಹೇಳ್ತಿದ್ದೆ. ಇಳಿ ಕೆಳಗೆ.

ಡೆಲ್ಮರ್: ನಿಮ್ಮಪ್ಪನ್ನ ತಿಂದ ವಿಷ.

ಅರ್ವಿಲ್ಲಾ: ನಮ್ಮಪ್ಪನ ಅಂಗಿ ಜೇಬಿನ ವಾಸನೆ ಕಣೋ ಇದು. ದನದ ಹರಾಜು ಮುಗಿಸಿ ಬರುವಾಗ ನಾನು ಆ ಜೇಬಿಗೆ ತಲೆ ಆನಿಸಿ ನಿದ್ದೆ ಹೋಗ್ತಿದ್ದೆ. ಅವನು ಸತ್ತ ಮೇಲೆ ಅಮ್ಮ ಅಷ್ಟೂ ಅಂಗಿ ಹಿತ್ತಿಲಲ್ಲಿ ಸುಟ್ಟುಬಿಟ್ಟಳು. ಒಂದನ್ನೂ ಬಿಡಲಿಲ್ಲ. ಈ ವಾಸನೆ ನನಗೆ ಮರೆತೇ ಹೋಗಿತ್ತು.

ಡೆಲ್ಮರ್: ಮನಸ್ಸು ಗಟ್ಟಿ ಮಾಡ್ಕೊ. ಊರಿನ ಆರೋಗ್ಯದ ಪ್ರಶ್ನೆ.

ಅರ್ವಿಲ್ಲಾ: ಊರಿನವರು ಗೋಡೆ ನೆಕ್ಕಲ್ಲ.

ವರ್ಲಿನ್: ಒಂದು ನಿಮಿಷ. ಈಗ ಬೇಕು ಅಂತಿರೋದು ಯಾರು, ಬೇಡ ಅಂತಿರೋದು ಯಾರು? ನಾನು ಯಾರ ಕಡೆ ಇದ್ದೀನಿ ಅಂತ ಮೊದಲು ಹೇಳಿ.

ಇಬ್ಬರೂ ಒಟ್ಟಿಗೆ "ನನ್ನ ಕಡೆ" ಎಂದರು. ವರ್ಲಿನ್ ಏಣಿ ಬಿಟ್ಟು ಹೆಂಡತಿಯ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತ. ಹಿಡಿಯುವವರಿಲ್ಲದೆ ಡೆಲ್ಮರ್ ಮೂರನೇ ಮೆಟ್ಟಿಲಿನಿಂದ ಹುಷಾರಾಗಿ ಇಳಿದ. ಮೂವರೂ ಗೋಡೆಯನ್ನು ನೋಡುತ್ತ ಕೂತರು. ಮೇಲರ್ಧ ಹಸಿ ಕೆಂಪು. ಅದರ ಕೆಳಗೆ ಒಂದು ಕಣ್ಣು, ಮೀಸೆ, ಮಾಸಿದ ಅಕ್ಷರಗಳು.

ವರ್ಲಿನ್: ಹಾಗೇ ಬಿಟ್ರೆ ನೋಡೋಕೆ ಅಸಹ್ಯವಾಗಿರುತ್ತೆ ಅರ್ವಿಲ್ಲಾ. ಅರ್ಧ ಹಾಗೆ, ಅರ್ಧ ಹೀಗೆ.

ಅರ್ವಿಲ್ಲಾ: ಇರಲಿ. ಬಳಿದಿರೋದು ಅಮ್ಮನದು, ಬಿಟ್ಟಿರೋದು ಅಪ್ಪನದು. ಅವರಿಬ್ಬರೂ ಹೇಗೂ ಒಂದೇ ಬಣ್ಣಕ್ಕೆ ಒಪ್ಪಿದವರಲ್ಲ.

ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಸಂಗ್ರಹದ ವಸ್ತು ಹೋಗುವುದನ್ನು ಡೆಲ್ಮರ್ ನೋಡಿದ. ಕೇಳುವ ಧೈರ್ಯ ಬರಲಿಲ್ಲ.

ಡೆಲ್ಮರ್: ನನ್ನ ಗತಿ ಏನು ಹೇಳು. ಶನಿವಾರ ಸಂಘದವರು ಬಸ್ ಮಾಡಿಕೊಂಡು ಬರ್ತಿದ್ದಾರೆ. ಕರ್ನಲ್ ಟಿಬ್ಸ್‌ನ ಕೊನೇ ಕುರುಹು ತೋರಿಸ್ತೀನಿ ಅಂತ ಕರೆದುಬಿಟ್ಟಿದ್ದೀನಿ. ಇದನ್ನ ಹೇಗೆ ತೋರಿಸಲಿ?

ಅರ್ವಿಲ್ಲಾ: ನಿನ್ನನ್ನೇ ತೋರಿಸು. ಕರ್ನಲ್ ಟಿಬ್ಸ್ ಜಗಿದೂ ಬದುಕಿ ಉಳಿದೋನು ಈ ಜಿಲ್ಲೇಲಿ ನೀನೊಬ್ಬನೇ.