ಹಳ್ಳಿಯಾದ್ರೇನು ಪಟ್ಟಣವಾದ್ರೇನು, ಒಲೆ ಮಾತ್ರ ಬೇಡ

ನಮ್ಮ ಮನೇಲಿ ಯಾರ ಕಾಲೂ ಒಂದು ಕಡೆ ನಿಲ್ಲಲ್ಲ, ಅದಕ್ಕೇ ಇಂಥವೆಲ್ಲ ನಮಗೇ ಆಗ್ತಿರ್ತವೆ. ನಮ್ಮನೆಯವರು ಡಾಕ್ಟರು. ಐರ್ಲೆಂಡಿಗೆ ಬಂದ ಮೇಲೆ ಬೆಕ್ಕು ಮರಿಗಳನ್ನ ಏಳು ಮನೆ ತಿರುಗಿಸಿದ ಹಾಗೆ ನನ್ನನ್ನೂ ಮಗಳನ್ನೂ ಮೊದಲು ಲೆಟರ್‌ಕೆನ್ನಿ, ಆಮೇಲೆ ವಾಟರ್‌ಫರ್ಡ್, ಈಗ ಕಾರ್ಕ್ ಅಂತ ಹೊತ್ತುಕೊಂಡು ತಿರುಗಿದ್ದಾರೆ. ಲೆಟರ್‌ಕೆನ್ನಿಯಲ್ಲಿದ್ದಾಗ ವಾಟರ್‌ಫರ್ಡ್ ಚೆನ್ನಾಗಿರಬೇಕು ಅನ್ಸೋದು. ವಾಟರ್‌ಫರ್ಡ್‌ಗೆ ಬಂದ ಮೇಲೆ ಲೆಟರ್‌ಕೆನ್ನಿನೇ ಎಷ್ಟೋ ವಾಸಿ ಅನ್ಸೋದು. ಇಂಥ ನಾವು ಹೋದ ಬೇಸಿಗೆಯಲ್ಲಿ ಕಾರನ್ನ ಹಡಗಿಗೆ ಹತ್ತಿಸಿ ಹತ್ತು ದಿನ ಫ್ರಾನ್ಸ್ ಸುತ್ತೋಕೆ ಹೊರಟ್ವಿ.

ನನಗೆ ಬೇಕಾಗಿದ್ದದ್ದು ಒಂದೇ. ಆ ಹತ್ತು ದಿನ ಒಲೆ ಮುಟ್ಟಬಾರದು. ವರ್ಷವೆಲ್ಲ ಕಾರ್ಕಿನ ಹಾಲಿಹಿಲ್‌ನಲ್ಲಿರೋ ಆಫೀಸಿಂದ ಬಂದು, ಹೆಗಲ ಮೇಲಿನ ಬ್ಯಾಗ್ ಇಳಿಸೋ ಮುಂಚೆ ಕುಕ್ಕರ್ ಇಡೋಳು ನಾನು. ಸಾಕಾಗಿತ್ತು. ಬಾಯಿ ಮಾತಿಗಲ್ಲ, ನಿಜವಾಗ್ಲೂ ಸಾಕಾಗಿತ್ತು.

೧. ಪಕ್ಕದ ಮನೆ ಸಲಹೆ

ಜಗಳ ಶುರುವಾಗಿದ್ದು ಎಲ್ಲಿ ಉಳ್ಕೊಳ್ಳೋದು ಅನ್ನೋದರಿಂದ.

"ಹಳ್ಳಿ ಮನೆ ತಗೊಳ್ಳೋಣ ಕಣೇ. ತೋಟ ಇದೆ, ಗಲಾಟೆ ಇಲ್ಲ, ದೊಡ್ಡ ಅಡುಗೆಮನೆ ಇದೆ" ಅಂದ್ರು ನಮ್ಮನೆಯವರು.

"ರಜಕ್ಕೆ ಹೋಗೋರಿಗೆ ಅಡುಗೆಮನೆ ಯಾಕ್ರೀ?"

"ಸುಮ್ನೆ. ಇದ್ರೆ ಇರ್ಲಿ."

ಅಡುಗೆಮನೆ ಅನ್ನೋದು ಎಲ್ಲೂ ಸುಮ್ನೆ ಇರಲ್ಲ, ಹನ್ನೆರಡು ವರ್ಷ ಸಂಸಾರ ಮಾಡಿದೀನಿ, ನನಗೆ ಗೊತ್ತು. ನಾನು ಪಟ್ಟಣದ ಮಧ್ಯೆ ಒಂದು ಹೋಟೆಲ್ ನೋಡಿಟ್ಟಿದ್ದೆ. ಕೆಳಗಿಳಿದರೆ ಬ್ರೆಡ್ಡಿನ ಅಂಗಡಿ, ಎದುರಿಗೆ ನಾಲ್ಕು ಊಟದ ಜಾಗ, ರೂಮಲ್ಲಿ ಹಾಲು ಕಾಯಿಸೋಕೂ ಸೌಕರ್ಯ ಇಲ್ಲ. ನನಗೆ ಅದು ಸ್ವರ್ಗದ ಥರ ಕಂಡಿತ್ತು.

ಎರಡು ವಾರ ಇದೇ ಆಯ್ತು. ಕೊನೆಗೆ ಬಟ್ಟೆ ಒಣಗಿ ಹಾಕುವಾಗ ಪಕ್ಕದ ಮನೆ ಐರಿಶ್ ಅಜ್ಜಿಯನ್ನ ಕೇಳಿದೆ. ಅವರು ವಯಸ್ಸಲ್ಲಿದ್ದಾಗ ಪ್ರತಿ ಬೇಸಿಗೆ ಫ್ರಾನ್ಸಿಗೆ ಕಾರಲ್ಲೇ ಹೋಗ್ತಿದ್ದವರು. "ಟೌನಾ? ಓ, ಟೌನ್ ಈಸ್ ಗ್ರ್ಯಾಂಡ್" ಅಂದ್ರು. ಗೆದ್ದೆ ಅಂದ್ಕೊಂಡು ಒಳಗೆ ಬಂದೆ. ಸಂಜೆ ಇವರು ಕಸದ ಬಿನ್ ಹೊರಗಿಡೋಕೆ ಹೋದೋರು ಎದೆ ಉಬ್ಬಿಸ್ಕೊಂಡು ಬಂದ್ರು. "ಅಜ್ಜಿನೇ ಹೇಳಿದ್ರು, ಕಂಟ್ರಿಸೈಡ್ ಗ್ರ್ಯಾಂಡಂತೆ."

ಇದೇನಪ್ಪಾ ಅಂತ ಇಬ್ಬರೂ ಒಟ್ಟಿಗೆ ಹೋಗಿ ಬಾಗಿಲು ತಟ್ಟಿದ್ವಿ. ಅಜ್ಜಿ ನಮ್ಮಿಬ್ಬರ ಮುಖಾನೂ ನೋಡಿ, "ಮಳೆ ಬರದಿದ್ರೆ ಎರಡೂ ಗ್ರ್ಯಾಂಡ್" ಅಂದ್ರು. ಐರಿಶ್‌ನೋರ ಬಾಯಲ್ಲಿ ಗ್ರ್ಯಾಂಡ್ ಅಂದ್ರೆ 'ಪರವಾಗಿಲ್ಲ' ಅಂತಷ್ಟೇ.

"ಅದು ಸರಿ, ನೀವು ಎಲ್ಲಿ ಉಳ್ಕೊತಿದ್ರಿ?" ಅಂತ ಪಟ್ಟು ಹಿಡಿದು ಕೇಳಿದೆ.

"ನಾವಾ? ನಾವು ಟೆಂಟಲ್ಲಿ."

೨. ಟೋಲ್ ಹತ್ರ ಆದದ್ದು

ಕೊನೆಗೆ ಐದು ದಿನ ಹಳ್ಳಿ, ಐದು ದಿನ ಪಟ್ಟಣ ಅಂತ ರಾಜಿ ಆಯ್ತು. "ಆದ್ರೆ ಎರಡು ಕಡೆಯೂ ನಾನು ಒಲೆ ಮುಟ್ಟಲ್ಲ" ಅಂದೆ. "ಹಳ್ಳೀಲಿ ನಾನೇ ಅಡುಗೆ ಮಾಡ್ತೀನಿ ಬಿಡು, ಏನು ಮಹಾ" ಅಂದ್ರು.

ನಮ್ಮ ಐರ್ಲೆಂಡ್ ಕಾರಿಗೆ ಸ್ಟೀರಿಂಗ್ ಬಲಗಡೆ. ಫ್ರಾನ್ಸಲ್ಲಿ ಟೋಲ್ ಚೀಟಿ ಕೊಡೋ ಮಿಷಿನ್ ಎಡಗಡೆ. ಅಂದ್ರೆ ಚೀಟಿ ತಗೊಳ್ಳೋ ಕೆಲಸ ಎಡಗಡೆ ಕೂತ ನಂದು. ಇವರೋ, ಆ ಮಿಷಿನ್ ಅಂದ್ರೆ ಹುಲಿ ಕಂಡ ಹಾಗೆ ದೂರಾನೇ ನಿಲ್ಲಿಸೋರು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ರೂ ಕೈಗೆ ಎಟುಕಲಿಲ್ಲ. ಹಿಂದಿನ ಕಾರುಗಳು ಹಾರ್ನ್ ಹೊಡೆಯೋಕೆ ಶುರು ಮಾಡಿದ್ವು. ಬೇರೆ ದಾರಿ ಕಾಣದೆ ಇಳಿದೆ, ಬಾಗಿಲು ಹಾಕಿ ಚೀಟಿ ಎಳೆದೆ. ಅಡ್ಡಕಂಬ ಮೇಲೆದ್ದಿದ್ದೇ ತಡ, ಹಾರ್ನಿಗೆ ಹೆದರಿ ಇವರು ಹೊರಟೇಬಿಟ್ರು. ಹಿಂದಿನ ಸೀಟಲ್ಲಿ ಮಗಳಿಗೆ ಗಾಢ ನಿದ್ದೆ. ಚೀಟಿ ಹಿಡ್ಕೊಂಡು ನಾನು ಅಲ್ಲೇ ನಿಂತಿದ್ದೆ.

ಸ್ವಲ್ಪ ಮುಂದೆ ಗಾಡಿ ನಿಲ್ಲಿಸೋ ಜಾಗದಲ್ಲಿ ಕಾರು ನಿಂತಿತು. ಬಿಸಿಲಲ್ಲಿ ದುಮುದುಮು ಅಂತ ನಡ್ಕೊಂಡು ಹೋದೆ. "ಹೆಂಡ್ತಿ ಇಳಿದಿದ್ದು ಕಾಣಿಸ್ಲಿಲ್ವೇನ್ರೀ? ಬಾಗಿಲು ಹಾಕಿದ ಸದ್ದೂ ಕೇಳಿಸ್ಲಿಲ್ವಾ?"

"ಸದ್ದು ಕೇಳಿ, ನೀನು ಹತ್ತಿ ಕೂತೆ ಅಂದ್ಕೊಂಡೆ. ಹಳ್ಳಿ ಎಷ್ಟು ಚೆನ್ನ ಅಂತ ಹೇಳ್ತಾನೇ ಇದ್ದೆ. ನೀನು ಎದುರು ಮಾತಾಡ್ಲಿಲ್ಲ ನೋಡು, ಆಗ ಅನುಮಾನ ಬಂತು."

೩. ತೋಟದಲ್ಲಿ ಕೂತು ಅಡುಗೆ

ಹಳ್ಳಿ ಮನೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಸುತ್ತ ಸೂರ್ಯಕಾಂತಿ ಹೊಲ, ತೋಟದಲ್ಲಿ ಒಂದು ಕುರ್ಚಿ. ನಾನು ಕೈಕಟ್ಟಿ ಕೂತೆ. ಇವರು ಬಟ್ಟೆಗಳ ಮಧ್ಯೆ ಬಚ್ಚಿಟ್ಟು ತಂದ ಕುಕ್ಕರ್ ತೆಗೆದು ಒಳಗೆ ಹೋದ್ರು. ಎರಡು ನಿಮಿಷಕ್ಕೆ ಕಿಟಕಿಯಲ್ಲಿ ತಲೆ ಕಾಣಿಸ್ತು.

"ಬೇಳೆಗೆ ನೀರೆಷ್ಟೇ?"

"ಎರಡು ಬೆರಳು ಮೇಲೆ."

"ಯಾವ ಬೆರಳು?"

ಡಾಕ್ಟರಲ್ವಾ, ಹಾಗೇ ಕೇಳ್ತಾರೆ. ಅರಿಶಿನ ಒಂದು ಚಿಟಿಕೆ ಅಂದ್ರೆ ಚಿಟಿಕೆಗೆ ಎಷ್ಟು ಗ್ರಾಂ ಅಂತಾರೆ. ಉಪ್ಪು ರುಚಿಗೆ ತಕ್ಕಷ್ಟು ಅಂದ್ರೆ ಯಾರ ರುಚಿಗೆ ಅಂತಾರೆ. ನಾನು ಕೂರ್ತೀನಿ, ಏಳ್ತೀನಿ, ಕಿಟಕಿ ಹತ್ರ ಹೋಗ್ತೀನಿ, ಮುಟ್ಟಬಾರದು ಅಂತ ನೆನಪಾಗಿ ವಾಪಸ್ ಬರ್ತೀನಿ. ಒಗ್ಗರಣೆಯ ಸಾಸಿವೆ ಸೀದು ಹೊಗೆಯ ಅಲಾರಂ ಬಡ್ಕೊಂಡಾಗ ಇವರು ಟವೆಲ್ ಬೀಸ್ತಾ, "ಈಗ ಇಂಗು ಹಾಕ್ಲಾ, ಅಲಾರಂ ನಿಂತ ಮೇಲೆ ಹಾಕ್ಲಾ?" ಅಂತ ಕೂಗಿದ್ರು. ಮನೇಲಿ ಅರ್ಧ ಗಂಟೇಲಿ ಸಾರು ಮಾಡಿ ಮುಗಿಸೋಳಿಗೆ ಇಲ್ಲಿ ಬರೀ ಬಾಯಲ್ಲಿ ಮಾಡೋಕೆ ಎರಡು ಗಂಟೆ ಹಿಡೀತು.

ಊಟಕ್ಕೆ ಕೂತಾಗ ಮಗಳಿಗೆ ಹೇಳ್ತಿದ್ದಾರೆ, "ನೋಡಿದ್ಯಾ ಪುಟ್ಟಿ, ಅಮ್ಮ ಸುಮ್ನೆ ಕೂತಿದ್ರೂ ಅಡುಗೆ ಆಗತ್ತೆ."

೪. ಮೂರನೇ ಕೂಗು

ಆ ಮನೆಯ ಬೇಲಿಯಾಚೆ ಒಬ್ಬ ಮುದುಕಪ್ಪ ಇದ್ರು. ನಮ್ಮ ಕುಕ್ಕರ್ ಮೊದಲ ದಿನ ಕೂಗಿದಾಗ ಬೇಲಿ ಹತ್ರ ಬಂದು ನಿಂತ್ರು. ಮೂರು ಸಲ ಕೂಗಿದ ಮೇಲೆ ತಲೆ ಆಡಿಸಿ ಒಳಗೆ ಹೋದ್ರು. ಎರಡನೇ ದಿನವೂ ಬಂದ್ರು, ಮೂರನೇ ದಿನವೂ ಬಂದ್ರು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಫ್ರೆಂಚ್ ಬಾರದು. "ಸದ್ದಿಗೆ ಬೇಜಾರಾಗಿರಬೇಕು, ದೂರು ಕೊಡ್ತಾರೇನೋ" ಅಂತ ನನಗೆ ಒಳಗೊಳಗೇ ಪುಕುಪುಕು.

ನಾಲ್ಕನೇ ದಿನ ಬೆಳಗ್ಗೆನೇ ಕೋಟೆ ನೋಡೋಕೆ ಹೋಗಿದ್ವಿ. ಸಾಯಂಕಾಲ ಬಂದ್ರೆ ಮುದುಕಪ್ಪ ಗೇಟ್ ಹತ್ರಾನೇ ಕಾಯ್ತಿದ್ದಾರೆ. ಕೈಗಡಿಯಾರ ತೋರಿಸಿ, ಹೊಟ್ಟೆ ತೋರಿಸಿ, ನಮ್ಮ ಅಡುಗೆಮನೆ ಕಡೆ ಬೊಟ್ಟು ಮಾಡಿ ಏನೇನೋ ಹೇಳ್ತಿದ್ದಾರೆ. ಇವರು ಗಾಬರಿಯಾಗಿ ನಾಡಿ ಹಿಡಿದು ನೋಡೋಕೆ ಹೋದ್ರು. ಮಗಳು ಜಾಣೆ, ಮಾತು ಅನುವಾದ ಮಾಡೋ ಆಪ್ ತೆಗೆದು ಫೋನನ್ನ ಅವರ ಮುಂದೆ ಹಿಡಿದಳು. ಫೋನ್ ಹೇಳ್ತು:

"ಇವತ್ತು ನಿಮ್ಮದು ಕೂಗಲೇ ಇಲ್ಲ. ನಾನಿನ್ನೂ ಊಟ ಮಾಡಿಲ್ಲ."

೫. ಬಾತ್‌ರೂಮಿನ ತಿಂಡಿ

ಆರನೇ ದಿನ ಪಟ್ಟಣಕ್ಕೆ ಬಂದ್ವಿ. ಈಗ ಇವರ ಸರದಿ. ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡೋ ಮನುಷ್ಯ, "ಛೇ, ಎಷ್ಟು ಗಲಾಟೆ" ಅಂತ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡ್ತಿದ್ರು. ನಾನು ಮಂಚದ ಮೇಲೆ ಕಾಲು ನೀಡಿ, ಬೇಕಂತಲೇ ಜೋರಾಗಿ ಆಕಳಿಸ್ತಿದ್ದೆ.

ಆ ಸುಖ ಎರಡು ದಿನ ಇತ್ತು. ಮಾಂಸ ಬೇಡ ಅಂದ ಕಡೆಯೆಲ್ಲ ಒಂದೇ ತಟ್ಟೆ ಬರೋದು, ಹಸಿ ಸೊಪ್ಪಿನ ಮೇಲೆ ಮೇಕೆ ಹಾಲಿನ ಚೀಸು. ಮಧ್ಯಾಹ್ನವೂ ಅದೇ, ಸಂಜೆಯೂ ಅದೇ. ಮಗಳು ಮಾತ್ರ "ಐಯಾಮ್ ಗ್ರ್ಯಾಂಡ್ ವಿತ್ ಚಿಪ್ಸ್" ಅಂತ ನಿಶ್ಚಿಂತೆಯಿಂದಿದ್ದಳು. ನನಗೆ ಒಂದು ತುತ್ತು ಸಾರನ್ನಕ್ಕೆ ಜೀವ ಹೋಗ್ತಿತ್ತು. ಆದ್ರೆ ಬಾಯಿ ಬಿಟ್ಟು ಹೇಳಿದ್ರೆ ಸೋತ ಹಾಗೆ.

"ಏನು, ಅನ್ನ ನೆನಪಾಗ್ತಿದ್ಯಾ?" ಅಂತ ಇವರು ಓರೆಗಣ್ಣಲ್ಲಿ ಕೇಳೋರು.

"ಇಲ್ವಲ್ಲ. ನಾನು ಆರಾಮಾಗಿದೀನಿ. ನಿಮಗೆ?"

"ನನಗೇನು, ಈ ಚೀಸು ಬಹಳ ಚೆನ್ನಾಗಿದೆ."

ಎಂಟನೇ ದಿನ ಬೆಳಗ್ಗೆ ತಡೀಲಾರದೆ, ಒಂದು ತುಂಡು ಬ್ರೆಡ್ಡು ಮತ್ತು ಮನೆಯಿಂದ ತಂದಿದ್ದ ಚಟ್ನಿಪುಡಿ ಪ್ಯಾಕೆಟ್ ಸೆರಗಲ್ಲಿ ಅಂದ್ರೆ ಜಾಕೆಟ್ಟಲ್ಲಿ ಮುಚ್ಚಿಕೊಂಡು ಬಾತ್‌ರೂಮಿಗೆ ಹೋದೆ. ಸದ್ದು ಕೇಳಿಸದ ಹಾಗೆ ನಲ್ಲಿ ಬಿಟ್ಕೊಂಡು ತಿಂತಿದ್ದೆ. ಚಿಲಕ ಸರಿಯಾಗಿ ಬಿದ್ದಿರಲಿಲ್ಲ, ಮಗಳು ಬಾಗಿಲು ತಳ್ಳಿಕೊಂಡು ಬಂದೇಬಿಟ್ಟಳು.

"ಶ್, ಅಪ್ಪನಿಗೆ ಹೇಳ್ಬೇಡ ಕಂದ" ಅಂದೆ.

ಅವಳು ಕಾರ್ಕಿನ ರಾಗದಲ್ಲಿ ನಿಟ್ಟುಸಿರು ಬಿಟ್ಟಳು. "ಡ್ಯಾಡ್ ಸೆಡ್ ಡೋಂಟ್ ಟೆಲ್ ಅಮ್ಮ. ಎವ್ರಿ ಮಾರ್ನಿಂಗ್, ಲೈಕ್."

೬. ಮುಖದ ಕಳೆ

ಹೇಗೋ ಹತ್ತು ದಿನ ಕಳೀತು. ಬೆಳಗ್ಗೆ ಹಡಗು ಕಾರ್ಕ್ ಬಂದರಿಗೆ ಬಂತು, ಸಣ್ಣಗೆ ಮಳೆ ಹನೀತಿತ್ತು. ನನ್ನ ಕೈ ನೋಡ್ಕೊಂಡೆ. ಒಂದು ಸುಟ್ಟ ಗುರುತಿಲ್ಲ, ಈರುಳ್ಳಿ ವಾಸನೆ ಇಲ್ಲ. ಹತ್ತು ದಿನ ಒಲೆ ಮುಟ್ಟಿರಲಿಲ್ಲ. ಮದುವೆಯಾದಾಗಿಂದ ಇಷ್ಟು ಹಗುರ ಅನ್ಸಿದ್ದು ಇದೇ ಮೊದಲು, ಕಣ್ಣಲ್ಲಿ ನೀರೇ ಬಂತು.

ಕಾರು ಹಡಗಿಂದ ಇಳಿದು ಎಡಗಡೆ ರಸ್ತೆ ಹಿಡೀತು. ಇವರು ನನ್ನ ಕಡೆ ನೋಡಿ, "ನಿನ್ನ ಮುಖಕ್ಕೆ ಎಷ್ಟು ಕಳೆ ಬಂದಿದೆ ಕಣೇ" ಅಂದ್ರು. ನಾನು ಕರಗಿಹೋದೆ. ಇಷ್ಟು ವರ್ಷಕ್ಕೆ ಗಮನಿಸಿದ್ರಲ್ಲ, ಇವರ ಜೊತೆ ಸುಮ್ನೆ ಜಗಳ ಆಡ್ದೆ ಅಂತ ಪಶ್ಚಾತ್ತಾಪವೂ ಆಯ್ತು.

"ಒಳ್ಳೆ ರೆಸ್ಟ್ ಸಿಕ್ತಲ್ರೀ, ಅದಕ್ಕೆ."

"ನಾನೂ ಅವರಿಗೆ ಅದೇ ಹೇಳ್ದೆ."

"ಯಾರಿಗೆ?"

"ಆಸ್ಪತ್ರೇಲಿರೋ ನಮ್ಮ ಕನ್ನಡದವರಿಗೆ. ಫ್ರಾನ್ಸ್ ಕಥೆ ಕೇಳ್ಬೇಕು ಅಂತಿದ್ರು. ಇವತ್ತು ಮಧ್ಯಾಹ್ನ ಮನೆಗೇ ಊಟಕ್ಕೆ ಬನ್ನಿ ಅಂತ ಹಡಗಿಂದಾನೇ ಮೆಸೇಜ್ ಹಾಕಿದೀನಿ. ಮಕ್ಕಳೂ ಸೇರಿ ಹದಿನಾಲ್ಕು ಜನ ಅಷ್ಟೇ. ಸಿಂಪಲ್ಲಾಗಿ ಬಿಸಿಬೇಳೆಬಾತ್, ಕೋಸಂಬರಿ, ಒಂದು ಪಾಯಸ ಮಾಡಿಬಿಡು. ನೀನು ಹೇಗೂ ಫ್ರೆಶ್ ಆಗಿದೀಯ."

ನಾನು ಫೋನ್ ತೆಗೆದು ಹುಡುಕೋಕೆ ಶುರು ಮಾಡಿದೆ.

ಒಂದು ಮೈಲಿ ಹೋದ ಮೇಲೆ ಇವರು ಇಣುಕಿ ನೋಡಿದ್ರು. "ಏನೇ ಅದು, ರೂಮ್ ನೋಡ್ತಿದೀಯಾ? ಮುಂದಿನ ವರ್ಷಕ್ಕಾ? ಹಳ್ಳೀಲೋ ಪಟ್ಟಣದಲ್ಲೋ?"

"ಯಾವುದಾದ್ರೂ ಪರವಾಗಿಲ್ಲ" ಅಂದೆ. "ಇವತ್ತಿಗೆ. ಒಬ್ಬಳಿಗೆ."