ಸತ್ತ ಮೇಲೆ ಕಸಿದುಕೊಂಡ ಪಿಸ್ತೂಲು

ನನ್ನ ಸಣ್ಣಮಾವನಂಥ ಶೂರ ಇಡೀ ಮೋರಟಗಿಯಲ್ಲಿಲ್ಲ. ಗುಂಡೇ ಹಾರದ ಪಿಸ್ತೂಲು ಹಿಡಿದು ಇಪ್ಪತ್ತು ವರ್ಷ ಯುದ್ಧ ಮಾಡಿದ ಮನುಷ್ಯ. ಎದುರಾಳಿ ಯಾರು ಅಂತೀರಿ? ಒಡಹುಟ್ಟಿದ ಅಣ್ಣ!

ಮನೆತನದ ಹಿರಿಯಜ್ಜ ಆ ಪಿಸ್ತೂಲನ್ನು ಒಬ್ಬ ಗೋರಾ ಸಾಹೇಬನ ಕೈಯಿಂದ ಕಸಿದುಕೊಂಡನಂತೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ, ಎತ್ತು, ಹಂಡೆ ಎಲ್ಲವೂ ತಕರಾರಿಲ್ಲದೆ ಪಾಲಾದವು. ಇದೊಂದು ಆಗಲಿಲ್ಲ.

"ಹಿರೇಮಗಗ ಸೇರೂದು" ಅಂದರು ದೊಡ್ಡಮಾವ.

"ಪೂಜಿ ಮಾಡಿದಾಂವ ನಾನು" ಅಂದರು ಸಣ್ಣಮಾವ.

ಮುಳವಾಡದ ಹೊಲದ ಮನೆಗೆ ಹೋಗಿ ನೆಲೆಸಿದ ದೊಡ್ಡಮಾವ ತಮ್ಮನ ಮಗಳ ಮದುವೆಗೂ ಬರಲಿಲ್ಲ. ಸಣ್ಣಮಾವ ಏನು ಕಡಿಮೆಯೇ? ಅಣ್ಣ ಕೂರಬೇಕಾದ ಕುರ್ಚಿಯ ಮೇಲೆ ಪಿಸ್ತೂಲು ಇಟ್ಟು, ಅದಕ್ಕೂ ಅಕ್ಷತೆ ಹಾಕಿಸಿದರು! ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ನಾಚಿಕೆಗೋ ಅಳುವಿಗೋ, ನಾನು ಕೇಳಲಿಲ್ಲ.

ಹೋದ ವರ್ಷ ದೊಡ್ಡಮಾವನಿಗೆ ಲಕ್ವಾ ಹೊಡೆಯಿತು. ಸುದ್ದಿ ಕೇಳಿದ್ದೇ ತಡ, ಸಣ್ಣಮಾವ ಪಿಸ್ತೂಲು ಹಿಡಿದುಕೊಂಡು ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದಿಳಿದರು. ಅಣ್ಣನ ಬಗ್ಗೆ ವಿಚಾರಿಸಲಿಕ್ಕಲ್ಲ.

"ಅಳಿಯಾ, ನೀ ಸಾಲ್ಯಾಗ ಇತಿಹಾಸ ಕಲಸಾಂವ. ಇದರ ವಯಸ್ಸು ಯಾರ ಕಡಿಂದಾರ ಬರಸಿ ಕೊಡು. ಎಂಥಾ ವಸ್ತು ನನ್ನ ಕಡೆ ಐತಿ ಅಂತ ಅಂವಾ ಸಾಯೂದರೊಳಗ ಕಾಗದ ತೋರಸ್ತೇನಿ."

ಎಂಥ ಭ್ರಾತೃಪ್ರೇಮ!

ಇಂಡಿ ಪಟ್ಟಣದಲ್ಲಿ ಬಂದೂಕು ರಿಪೇರಿ ಮಾಡುತ್ತಲೇ ಮುದುಕರಾದವರೊಬ್ಬರಿದ್ದಾರೆ. ಇಬ್ಬರೂ ಹೋದೆವು. ಅವರು ಭೂತಗನ್ನಡಿ ಹಿಡಿದು ನೋಡಿ, "ಇದು ಇಂಗ್ಲಿಷರದಲ್ರಿ, ಅಮೇರಿಕಾದ್ದು" ಅಂದರು. ತೋಟಾ ಹಾಕುವ ಪಿಸ್ತೂಲಲ್ಲವಂತೆ. ತಿರುಗುವ ಗಾಲಿಯ ಒಂದೊಂದು ತೂತಿಗೂ ಮುಂದಿನಿಂದ ಮದ್ದು, ಗುಂಡು ತುಂಬಬೇಕು. ಹಿಂದಿನಿಂದ ತಾಮ್ರದ ಪುಟ್ಟ ಟೊಪ್ಪಿಗೆ ತೊಡಿಸಬೇಕು. ಕುದುರೆ ಅನ್ನುವ ಪುಟ್ಟ ಸುತ್ತಿಗೆ ಬಡಿದು ಟೊಪ್ಪಿಗೆ ಸಿಡಿದರೇನೇ ಗುಂಡು ಹಾರುವುದು.

"ನಳಿಗಿ ಮ್ಯಾಲ ಮಾಡಿದವರ ಹೆಸರ ಇರಬೇಕಿತ್ತಲ್ರಿ?" ಅಂದರು ಮುದುಕರು.

"ವರ್ಷಾ ದಸರಾದಾಗ ಖಂಡೇ ಪೂಜಿಗೆ ಇಟ್ಟಂಗಿ ಪುಡಿ ಹಚ್ಚಿ ತಿಕ್ಕೇನ್ರಿ."

"ಯಜಮಾನ್ರ, ನೀವು ಹೊಲಸ ತಿಕ್ಕಿಲ್ರಿ, ಇತಿಹಾಸಾನ ತಿಕ್ಕೀರಿ!"

ಆಮೇಲೆ ಬಿಚ್ಚಿದರು. ಚೌಕಟ್ಟಿಗೊಂದು ನಂಬರು, ನಳಿಗೆಗೊಂದು, ತಿರುಗುವ ಗಾಲಿಗೊಂದು. ಅಸಲಿಗೆ ಮೂರೂ ಒಂದೇ ಇರಬೇಕಂತೆ. ಯಾರೋ ಮೂರು ಪಿಸ್ತೂಲುಗಳನ್ನು ಕೂಡಿಸಿ ಒಂದು ಮಾಡಿದ್ದರು. ಅದು ಬಂದು ಒಂದು ಮನೆಯನ್ನು ಎರಡು ಮಾಡಿತ್ತು.

ಮುದುಕರು ಯಾವ ನಂಬರು ಯಾವ ವರ್ಷದ್ದೆಂದು ಪುಸ್ತಕದಲ್ಲಿ ಹುಡುಕಿದರು. "ನಿಮ್ಮ ಹಿರಿಯಜ್ಜ ತೀರಿಕೊಂಡದ್ದು ಯಾವಾಗ್ರಿ?" ಸಮಾಧಿಯ ಕಲ್ಲಿನ ಮೇಲಿದ್ದ ಇಸವಿಯನ್ನು ಸಣ್ಣಮಾವ ಎದೆಯುಬ್ಬಿಸಿ ಹೇಳಿದರು. ಮುದುಕರು ಬೆರಳು ಮಡಚಿ ಎಣಿಸಿದರು.

"ಮೂರರಾಗ ಹಳೇದಂದ್ರ ಈ ಚೌಕಟ್ಟ. ಇದೂ ಅವರು ಸತ್ತ ಹತ್ತ ವರ್ಷಕ್ಕ ತಯಾರಾಗೇತಿ. ಎದ್ದ ಬಂದ ಕಸಗೊಂಡ್ರೇನು?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಸಣ್ಣಮಾವ ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿಕೊಳ್ಳುತ್ತಿದ್ದರು. ಬಸ್ಸು ಸಿಂದಗಿ ತಲುಪಿತು. ಅಲ್ಲಿ ಅಂದರು: "ಈ ಸುಳ್ಳಿನ ಸಲುವಾಗಿ ಅಣ್ಣನ್ನ ಬಿಟ್ಟೆ. ಅಂವಗ ಹೇಳಬ್ಯಾಡ. ಅಂವಾ ಇನ್ನೂ ನಂಬ್ಯಾನ."

ಮರುದಿನ ಮುಳವಾಡಕ್ಕೆ ಹೋದೆವು. ದೊಡ್ಡಮಾವ ಹೊರಸಿನ ಮೇಲೆ ಮಲಗಿದ್ದರು, ಬಲಗೈ ಸತ್ತಿತ್ತು. ಸಣ್ಣಮಾವ ಅವರ ಎಡಗೈಯಲ್ಲಿ ಪಿಸ್ತೂಲು ಇಟ್ಟು, ಒಂದೊಂದೇ ಬೆರಳು ಮಡಚಿದರು.

"ಅಣ್ಣಾ, ತಿಳದವರಿಗೆ ತೋರಿಸಿ ಬಂದೇನಿ. ಖರೇನ ಸಾಹೇಬಂದ. ನಿನ್ನ ಹತ್ರ ಇರ್ಲಿ."

ದೊಡ್ಡಮಾವ ಪಿಸ್ತೂಲಿನ ಕಡೆ ನೋಡಲೂ ಇಲ್ಲ. ಇಪ್ಪತ್ತು ವರ್ಷದಿಂದ ಕಾಣದ ತಮ್ಮನ ಬಾಯನ್ನೇ ನೋಡುತ್ತಿದ್ದರು. ತೊದಲುತ್ತ ಕೇಳಿದರು:

"ತಮ್ಮಾ, ನಿನ್ನ ಮುಂದಿನ ಹಲ್ಲ ಯಾವಾಗ ಬಿದ್ದೂವೋ?"